ಹೊಲಿದ ಬ್ಯಾಗಿನ ಹೆಗಲಪಟ್ಟಿ ಕೊರೆಯುತ್ತಿದೆಯೇ? ದೋಷ ಹುಡುಕುವ ಬಗೆ

ತಮ್ಮ ಡಿಸೆಂಬರಿನಲ್ಲಿ ಕುಮಾರಪರ್ವತಕ್ಕೆ ಹೊರಟಾಗ ಅವನಿಗೊಂದು ಬ್ಯಾಗು ಹೊಲಿದುಕೊಟ್ಟೆ. ಮ್ಯಾಟಿ ಬಟ್ಟೆ, ಒಳಗೆ ಅಸ್ತರು, ಗಟ್ಟಿ ಜಿಪ್ಪು. ಹೆಗಲಪಟ್ಟಿಗೆ ಮನೆಯಲ್ಲಿ ಉಳಿದಿದ್ದ ಸೋಫಾ ಫೋಮನ್ನು ಒಂದಿಂಚು ದಪ್ಪಕ್ಕೆ ಕತ್ತರಿಸಿ ತುಂಬಿದ್ದೆ. ಕೈಯಲ್ಲಿ ಹಿಸುಕಿದರೆ ಬೆಣ್ಣೆಯ ಹಾಗಿತ್ತು. ಕುಕ್ಕೆಯಿಂದ ಹೊರಟವನು ದಾರಿಯ ನಡುವಿನ ಭಟ್ಟರ ಮನೆ ಮುಟ್ಟುವಷ್ಟರಲ್ಲಿ ಎರಡೂ ಹೆಗಲ ಮೇಲೆ ಕೆಂಪು ಗೆರೆ ಎದ್ದಿತ್ತು. ತಿರುಗಿ ಬಂದು, "ಅಕ್ಕಾ, ಪಟ್ಟಿ ತೆಳ್ಳಗಾಯ್ತು, ಇನ್ನೊಂದಿಂಚು ಫೋಮ್ ಹಾಕು" ಅಂದ. ಹಾಕಿದೆ. ಮುಂದಿನ ಸಲವೂ ಅದೇ ಜಾಗ, ಅದೇ ಗೆರೆ.

ಆ ಗೆರೆಯನ್ನು ಟೇಪು ಹಿಡಿದು ಅಳೆದಾಗಲೇ ವಿಷಯ ತಿಳಿದದ್ದು. ಅಗಲ 25 ಮಿ.ಮೀ. ಪಟ್ಟಿಯ ಬೆನ್ನಿಗೆ ನಾನು ಹೊಲಿದಿದ್ದ ನವಾರಿನ ಅಗಲವೂ 25 ಮಿ.ಮೀ. ಎರಡಿಂಚು ಫೋಮ್ ಪೂರ್ತಿ ಚಪ್ಪಟೆಯಾಗಿ, ನವಾರು ನೇರವಾಗಿ ಹೆಗಲ ಮೇಲೆ ಕೂತಿತ್ತು. ಅಂದಿನಿಂದ ಅಕ್ಕಪಕ್ಕದವರ, ಬಂಧುಗಳ ಬ್ಯಾಗು ಎಷ್ಟೋ ಬಿಚ್ಚಿ ನೋಡಿದ್ದೇನೆ. ಹತ್ತರಲ್ಲಿ ಎಂಟು ಬ್ಯಾಗುಗಳಲ್ಲಿ ಇದೇ ತಪ್ಪು: ಮೆತ್ತಗಿರುವುದನ್ನೇ ಹಿತ ಎಂದು ನಂಬಿ ಫೋಮ್ ಆರಿಸಿರುತ್ತಾರೆ.

ಮಂಡಿಯಲ್ಲಿ ಅಡಿಕೆ ಮೂಟೆ ಹೊರುವ ಹಮಾಲಿಗಳನ್ನು ನೋಡಿ. ಹೆಗಲ ಮೇಲೆ ಗೋಣಿಚೀಲ ಮಡಿಚಿ ಹಾಕಿಕೊಳ್ಳುತ್ತಾರೆ, ದಿಂಬು ಇಟ್ಟುಕೊಳ್ಳುವುದಿಲ್ಲ. ಕೊಡ ಹೊರುವವರು ತಲೆಗಿಡುವ ಸಿಂಬಿಯೂ ಬಿಗಿಯಾಗಿ ಸುತ್ತಿದ್ದೇ ಹೊರತು ಸಡಿಲ ಹತ್ತಿಯ ಮುದ್ದೆಯಲ್ಲ. ಭಾರ ಹಂಚಬೇಕಾದರೆ ನಡುವೆ ಇರುವ ವಸ್ತುವಿಗೆ ತನ್ನದೇ ಬಿಗುವು ಬೇಕು.

ಕನ್ನಡಿಯ ಮುಂದೆ ಅರ್ಧ ಗಂಟೆ

ಹೊಲಿಗೆ ಬಿಚ್ಚುವ ಮೊದಲು ಇದೊಂದು ಪರೀಕ್ಷೆ ಮಾಡಿ. ಬ್ಯಾಗಿಗೆ ನೀವು ನಿಜವಾಗಿ ಹೊರುವಷ್ಟೇ ತೂಕ ತುಂಬಿ. ಚಾರಣದ ಬ್ಯಾಗಾದರೆ 10 ಕೆಜಿ ಅಕ್ಕಿ ಚೀಲ ಸಾಕು, ಅಲ್ಲಾಡದಂತೆ ಸುತ್ತ ಹಳೆ ಬಟ್ಟೆ ತುರುಕಿ. ತೆಳು ಬನಿಯನ್ನಿನ ಮೇಲೆ ಬ್ಯಾಗು ಏರಿಸಿ ಅರ್ಧ ಗಂಟೆ ಮನೆಯೊಳಗೆ, ಮೆಟ್ಟಿಲ ಮೇಲೆ ಓಡಾಡಿ. ಇಳಿಸಿದ ಕೂಡಲೇ ಹೆಗಲನ್ನು ಕನ್ನಡಿಯಲ್ಲಿ ನೋಡಿ. ಚರ್ಮದ ಬಣ್ಣದಿಂದಾಗಿ ಕೆಂಪು ಕಾಣದಿದ್ದರೆ ಬೆರಳಾಡಿಸಿ. ಒತ್ತಿದ ಜಾಗದಲ್ಲಿ ತಗ್ಗು ಸಿಗುತ್ತದೆ.

ಪಟ್ಟಿಯ ಅಗಲದಷ್ಟೂ ತೆಳುವಾಗಿ ಕೆಂಪಾಗಿ, ಸ್ವಲ್ಪ ಹೊತ್ತಿಗೆ ಮಾಯವಾದರೆ ಫೋಮ್ ಸರಿಯಿದೆ.

ನಡುವೆ ಒಂದೇ ಗೆರೆ, ಅದರ ಅಗಲ ನವಾರಿನಷ್ಟೇ ಇದ್ದರೆ ಫೋಮ್ ತಳ ಮುಟ್ಟಿದೆ, ಅಂದರೆ ಪೂರ್ತಿ ಚಪ್ಪಟೆಯಾಗಿದೆ.

ಕುತ್ತಿಗೆಯ ಕಡೆಗೆ ದಾರದಂಥ ಸಣ್ಣ ಗೆರೆ ಇದ್ದರೆ ಅಂಚಿನ ಪೈಪಿಂಗ್ ಅಥವಾ ಬೈಂಡಿಂಗ್ ಪಟ್ಟಿ ಕೊಯ್ಯುತ್ತಿದೆ. ಫೋಮ್ ಬದಲಾಯಿಸಿದರೆ ಇದು ಹೋಗುವುದಿಲ್ಲ.

ಎರಡೂ ಅಂಚಿನಲ್ಲಿ ಗೆರೆ, ನಡುವೆ ಏನೂ ಇಲ್ಲ ಎಂದರೆ ಫೋಮ್ ಅತಿ ಗಟ್ಟಿ. ಹೆಗಲಿನ ಉಬ್ಬುತಗ್ಗಿಗೆ ಬಾಗದೆ, ಬೋರಲು ಹಾಕಿದ ದೋಣಿಯ ಹಾಗೆ ಎರಡು ಅಂಚಿನ ಮೇಲೆ ನಿಂತಿದೆ. ನೆಲಕ್ಕೆ ಹಾಸುವ ಪಜಲ್ ಮ್ಯಾಟ್ ಕತ್ತರಿಸಿ ಹಾಕಿದ ಪಟ್ಟಿಗಳಲ್ಲಿ ಇದನ್ನು ಹೆಚ್ಚು ಕಂಡಿದ್ದೇನೆ.

ನೋವು ಯಾವ ಹೊತ್ತಿಗೆ ಶುರು?

ಬ್ಯಾಗು ತಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಏರಿಸಿದ ಎರಡೇ ನಿಮಿಷಕ್ಕೆ ಚುಚ್ಚಿದರೆ ದೋಷ ಸಾಮಾನ್ಯವಾಗಿ ಅಂಚಿನಲ್ಲೋ ಪಟ್ಟಿಯ ಆಕಾರದಲ್ಲೋ ಇರುತ್ತದೆ. ಅರ್ಧ ಗಂಟೆಯ ಮೇಲೆ ಶುರುವಾದರೆ ಫೋಮ್ ಮೆತ್ತಗಿದೆ. ಮೊದಲೆರಡು ತಿಂಗಳು ಸುಖವಾಗಿದ್ದು ಆಮೇಲೆ ಕೊರೆಯತೊಡಗಿದರೆ ಫೋಮ್ ಜೀವ ಕಳೆದುಕೊಂಡಿದೆ. ಮಳೆಗಾಲ ಕಳೆದ ಮೇಲೆ ಕೆಟ್ಟರೆ ನೀರು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಇದನ್ನು ಕೇಳದೆ ಕತ್ತರಿ ಹಿಡಿಯಬೇಡಿ.

ಫೋಮ್ ತಳ ಮುಟ್ಟಿದಾಗ

ಒಂದು ಸಣ್ಣ ಲೆಕ್ಕ. 12 ಕೆಜಿ ಬ್ಯಾಗು, ಸೊಂಟದ ಬೆಲ್ಟಿಲ್ಲ. ಒಂದೊಂದು ಹೆಗಲಿಗೆ 6 ಕೆಜಿ ಬಿತ್ತು ಎನ್ನಿ. ಪಟ್ಟಿ ಹೆಗಲನ್ನು ಗಟ್ಟಿಯಾಗಿ ಒತ್ತುವ ಉದ್ದ ಸುಮಾರು 12 ಸೆಂ.ಮೀ. ಪಟ್ಟಿ 6.5 ಸೆಂ.ಮೀ. ಅಗಲವಿದ್ದು ಪೂರ್ತಿ ಕೆಲಸ ಮಾಡಿದರೆ 78 ಚದರ ಸೆಂ.ಮೀ. ಜಾಗದ ಮೇಲೆ 6,000 ಗ್ರಾಂ, ಅಂದರೆ ಚದರ ಸೆಂ.ಮೀ.ಗೆ 77 ಗ್ರಾಂ. ಫೋಮ್ ಚಪ್ಪಟೆಯಾಗಿ ಬರೀ ನವಾರೇ ಒತ್ತಿದರೆ ಜಾಗ 30 ಚದರ ಸೆಂ.ಮೀ., ಒತ್ತಡ 200 ಗ್ರಾಂ. ಬ್ಯಾಗು ಅದೇ, ತೂಕ ಅದೇ, ಹೆಗಲಿಗೆ ಎರಡೂವರೆ ಪಟ್ಟು ಶಿಕ್ಷೆ.

ಹಾಗಾದರೆ ಅದೇ ಫೋಮ್ ಸೋಫಾದಲ್ಲಿ ಹೇಗೆ ಹಿತವಾಗಿತ್ತು? ಅಲ್ಲಿ ಅದು ನಾಲ್ಕೈದು ಇಂಚು ದಪ್ಪ. ಕೂತವರ ತೂಕ ಸಾವಿರಕ್ಕೂ ಹೆಚ್ಚು ಚದರ ಸೆಂ.ಮೀ. ಮೇಲೆ ಹರಡಿರುತ್ತದೆ. ಒಂದಿಂಚಿಗೆ ಇಳಿಸಿ, ಅಂಗೈಯಗಲದ ಜಾಗಕ್ಕೆ 6 ಕೆಜಿ ಹೇರಿದರೆ ಅದು ತಡೆಯುವುದಿಲ್ಲ.

ಕುಶನ್ ವರ್ಕ್ಸ್ ಅಂಗಡಿಗಳಲ್ಲಿ "ಯಾವ ಡೆನ್ಸಿಟಿ ಬೇಕು, 32 ಅಥವಾ 40?" ಎಂದು ಕೇಳುತ್ತಾರಲ್ಲ, ಆ ಅಂಕಿ ಒಂದು ಘನ ಮೀಟರ್ ಫೋಮಿನ ತೂಕ, ಕೆಜಿಯಲ್ಲಿ. 32 ಡೆನ್ಸಿಟಿಯ ಪಾಲಿಯುರೆಥೇನ್ ಫೋಮಿನಲ್ಲಿ ನೂರಕ್ಕೆ 97 ಪಾಲು ಗಾಳಿ. ಅದರ ಕಣಗಳು, ಅಂದರೆ ಒಳಗಿನ ಪುಟ್ಟ ಗಾಳಿಗೂಡುಗಳು, ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಒತ್ತಿದ ಕೂಡಲೇ ಗಾಳಿ ಹೊರಗೆ ಹೋಗುತ್ತದೆ. ಚಪ್ಪಲಿ ತಳಕ್ಕೆ ಹಾಕುವ ಇವಿಎ ಫೋಮಿನ ಕಣಗಳು ಮುಚ್ಚಿರುತ್ತವೆ. ಗಾಳಿ ಒಳಗೇ ಸಿಕ್ಕಿಕೊಂಡು ಸಾವಿರಾರು ಪುಟ್ಟ ಚೆಂಡುಗಳ ಹಾಗೆ ಎದುರು ಒತ್ತುತ್ತದೆ. ಡೆನ್ಸಿಟಿ ಒಂದೇ ಇದ್ದರೂ ಇವೆರಡು ಹೆಗಲ ಮೇಲೆ ನಡೆದುಕೊಳ್ಳುವ ರೀತಿ ಬೇರೆಯೇ. ಆದ್ದರಿಂದ ಅಂಕಿ ಒಂದನ್ನೇ ನಂಬಿ ಕೊಳ್ಳಬೇಡಿ.

ಯಾವುದೇ ಹಾಳೆಯನ್ನು ನಾನು ಪರೀಕ್ಷಿಸುವುದು ಹೀಗೆ. ಫೋಮನ್ನು ಮೇಜಿನ ಮೇಲಿಟ್ಟು, ಅದರ ಮೇಲೆ 2.5 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಮರದ ಪಟ್ಟಿ ಇಡುತ್ತೇನೆ. ಇದು ನವಾರಿನ ಬದಲಿಗೆ. ಅದರ ಮೇಲೆ 6 ಕೆಜಿ ಭಾರ. ಬೀಳದಂತೆ ಪಕ್ಕದಲ್ಲಿ ಕೈ ಹಿಡಿದಿರಬೇಕು. ಹತ್ತು ನಿಮಿಷ ಬಿಟ್ಟು ಸ್ಕೇಲಿನಿಂದ ಅಳೆದು ನೋಡಿ. ಫೋಮ್ ಅರ್ಧಕ್ಕಿಂತ ಹೆಚ್ಚು ಕುಸಿದಿದ್ದರೆ ಆ ತೂಕಕ್ಕೆ ಅದು ಸಲ್ಲದು. ಶಾಲೆಯ ಮಗುವಿನ ಬ್ಯಾಗಾದರೆ 6 ಕೆಜಿ ಬದಲು ಒಂದೂವರೆ ಕೆಜಿ ಇಟ್ಟು ನೋಡಿ. ಅಂಗಡಿಯಲ್ಲಿ "ಇದು ಮೆತ್ತಗೆ" ಅಂದ ಹಾಳೆಯೇ ಅಲ್ಲಿ ಸರಿ ಹೋಗಬಹುದು.

ಮಕ್ಕಳ ಬ್ಯಾಗಿನ ಮಾತು ಬಂತು, ಹೇಳಿಯೇ ಮುಂದೆ ಹೋಗುತ್ತೇನೆ. ಶಾಲಾ ಬ್ಯಾಗು ಮಗುವಿನ ತೂಕದ ಶೇ. 10ನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. 25 ಕೆಜಿಯ ಮಗುವಿಗೆ ಎರಡೂವರೆ ಕೆಜಿ. ಅಷ್ಟು ಹೊರಲು 5–6 ಮಿ.ಮೀ. ಇವಿಎ, 5 ಸೆಂ.ಮೀ. ಅಗಲದ ಪಟ್ಟಿ ಧಾರಾಳವಾಯಿತು. ಪಟ್ಟಿಗೆ ದಪ್ಪ ಫೋಮ್ ಬೇಕೆನಿಸುವಷ್ಟು ಭಾರವಿದ್ದರೆ ಮೊದಲು ಬ್ಯಾಗಿನೊಳಗಿನ ಪುಸ್ತಕ ಎಣಿಸಿ.

ನಿಮ್ಮ ಕೈಯಲ್ಲಿರುವ ಹಾಳೆ ಯಾವುದು?

ಹಾಳೆಯ ಮೇಲೆ ಹೆಸರು ಬರೆದಿರುವುದಿಲ್ಲ, ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಮನೆಯಲ್ಲೇ ಗುರುತಿಸಬಹುದು.

ಮೊದಲು ಡೆನ್ಸಿಟಿ. 20 ಸೆಂ.ಮೀ. × 25 ಸೆಂ.ಮೀ. ತುಂಡು, ದಪ್ಪ 1 ಸೆಂ.ಮೀ. ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಬಂದ ಗ್ರಾಮನ್ನು ಎರಡರಿಂದ ಗುಣಿಸಿದರೆ ಡೆನ್ಸಿಟಿ. 10 ಗ್ರಾಂ ಬಂದರೆ 20. 25 ಗ್ರಾಂ ಬಂದರೆ 50. ಇವಿಎ ಆದರೆ 45ರಿಂದ 60ರೊಳಗಿನದು ವಯಸ್ಕರ ಬ್ಯಾಗಿಗೆ ನನಗೆ ಒಪ್ಪಿಗೆಯಾಗಿದೆ.

ಆಮೇಲೆ ನೀರು. ಒಂದು ತುಂಡನ್ನು ನೀರಿನೊಳಗೆ ಮುಳುಗಿಸಿ ಹಿಸುಕಿ ಬಿಡಿ. ಗುಳ್ಳೆ ಬಂದು ಭಾರವಾದರೆ ತೆರೆದ ಕಣದ್ದು: ಸೋಫಾ ಫೋಮ್, ಹಾಸಿಗೆ ಫೋಮ್, ರೀಬಾಂಡೆಡ್. ಏನೂ ಕುಡಿಯದೆ ಚೆಂಗನೆ ಮೇಲೆದ್ದರೆ ಮುಚ್ಚಿದ ಕಣದ್ದು.

ಮುಚ್ಚಿದ ಕಣದ್ದಾದರೆ ಪೂರ್ತಿ ಮಡಿಚಿ ಉಗುರಿನಿಂದ ಒತ್ತಿ ಬಿಡಿ. ಬಿಳಿ ಗೆರೆ ಉಳಿದು, ಮುಟ್ಟಿದರೆ ಕರಕರ ಸದ್ದು ಬಂದರೆ ಅದು ಟಿವಿ, ಫ್ರಿಜ್ಜು ಪ್ಯಾಕ್ ಮಾಡಲು ಬರುವ ಬಿಳಿ ಇಪಿಇ ಹಾಳೆ. ಪುಕ್ಕಟೆ ಸಿಗುತ್ತದೆ, ಹಗುರ, ನೀರು ಕುಡಿಯುವುದಿಲ್ಲ. ಅದಕ್ಕೇ ಎಲ್ಲರೂ ಹಾಕುತ್ತಾರೆ. ಆದರೆ ಅದರ ಗೋಡೆಗಳು ಒಮ್ಮೆ ಮುರಿದರೆ ಎದ್ದೇಳುವುದಿಲ್ಲ. ಬಾಕ್ಸಿನೊಳಗೆ ಒಂದೆರಡು ಪೆಟ್ಟು ತಡೆಯಲು ಮಾಡಿದ ವಸ್ತು ಅದು, ದಿನಾ ಹೆಗಲ ಮೇಲೆ ಬಾಗಲು ಮಾಡಿದ್ದಲ್ಲ. ಶೀಟಿನ ಮಾಡಿನ ಕೆಳಗೆ ಬಿಸಿಲು ತಡೆಯಲು ಬಳಸುವ, ಬೆಳ್ಳಿ ಕಾಗದ ಅಂಟಿಸಿದ ಎಕ್ಸ್‌ಎಲ್‌ಪಿಇ ಹಾಳೆ ಇದಕ್ಕಿಂತ ಎಷ್ಟೋ ಮೇಲು. ಕಣ ಸಣ್ಣ, ಮಡಿಚಿದರೂ ಚೇತರಿಸಿಕೊಳ್ಳುತ್ತದೆ. ಕಾಗದ ಕಿತ್ತು ಹಾಕಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಸದ್ದು ಮಾಡುತ್ತದೆ. 5 ಕೆಜಿಯೊಳಗಿನ ಬ್ಯಾಗಿಗೆ ನಡೆಯುತ್ತದೆ.

ಮಡಿಚಿದ ಗೆರೆ ನಿಧಾನವಾಗಿ ಮಾಯವಾಗಿ, ಚಪ್ಪಲಿಯ ಮೇಲ್ಮೈ ಮುಟ್ಟಿದ ಹಾಗನಿಸಿದರೆ ಇವಿಎ. ರಬ್ಬರಿನ ಹಾಗೆ ಎಳೆದಷ್ಟೂ ಹಿಗ್ಗಿದರೆ ನಿಯೋಪ್ರೀನ್ ಅಥವಾ 10 ಮಿ.ಮೀ. ದಪ್ಪದ, ಎನ್‌ಬಿಆರ್ ಎಂಬ ರಬ್ಬರಿನ ಯೋಗ ಮ್ಯಾಟು. ಆ ದಪ್ಪ ಯೋಗ ಮ್ಯಾಟು ನೋಡಲು ಚೆಂದ, ಹೆಗಲಿಗೆ ಬಲು ಮೆತ್ತಗೆ. ತೆಳ್ಳನೆಯ ಇವಿಎ ಯೋಗ ಮ್ಯಾಟು ಸಿಕ್ಕರೆ ಬಿಡಬೇಡಿ. ನಿಯೋಪ್ರೀನ್ ಪಟ್ಟಿ ನಡೆಯುವಾಗ ಬ್ಯಾಗನ್ನು ಕುಣಿಸುತ್ತದೆ; ಪ್ರತಿ ಹೆಜ್ಜೆಗೂ ಭಾರ ಇಳಿದು ಏರಿದ ಹಾಗೆ. ಕೆಲವರಿಗೆ ಅದರ ರಬ್ಬರಿನಲ್ಲಿರುವ ರಾಸಾಯನಿಕಕ್ಕೆ ಚರ್ಮ ತುರಿಸುವುದೂ ಉಂಟು. ಬೆವರಿದ ಜಾಗದಲ್ಲಿ, ಪಟ್ಟಿಯ ಆಕಾರದಲ್ಲೇ ದದ್ದು ಎದ್ದರೆ ಮೊದಲು ಅದನ್ನೇ ಅನುಮಾನಿಸಿ.

ರೀಬಾಂಡೆಡ್ ಎಂದರೆ ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ ಬಣ್ಣಬಣ್ಣದ ಹಾಳೆ. ಸಾಮಾನ್ಯವಾಗಿ 80ರಿಂದ 120 ಡೆನ್ಸಿಟಿ. ಒಣ ಊರಿನವರಿಗೆ ಇದು ಕೆಟ್ಟದ್ದಲ್ಲ, 12 ಮಿ.ಮೀ. ಹಾಕಿದರೆ ತಕ್ಕಮಟ್ಟಿಗೆ ತೂಕ ತಡೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಮಾತ್ರ ನಾನು ಹಾಕುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಎರಡು ತಿಂಗಳಲ್ಲಿ ತೆಳ್ಳಗಾದ ಪಟ್ಟಿ

ಪಟ್ಟಿಯ ಕೆಳತುದಿಯ ಹೊಲಿಗೆ ಬಿಚ್ಚಿ ಫೋಮ್ ಹೊರಗೆಳೆಯಿರಿ. ಮೇಲ್ತುದಿ ಮುಟ್ಟಬೇಡಿ, ಭಾರವೆಲ್ಲ ನೇತಾಡುವುದು ಅಲ್ಲಿ, ಒಮ್ಮೆ ಬಿಚ್ಚಿದ ತೂತಿನ ಸಾಲಿನಲ್ಲಿ ಬಟ್ಟೆ ಬಲ ಕಳೆದುಕೊಂಡಿರುತ್ತದೆ. ಹೆಗಲ ಮೇಲೆ ಕೂರುವ ಭಾಗದ ದಪ್ಪವನ್ನೂ, ಕಂಕುಳ ಕೆಳಗಿನ ಭಾಗದ ದಪ್ಪವನ್ನೂ ಅಳೆಯಿರಿ. ಹೊಸದರಲ್ಲಿ ಎರಡೂ ಒಂದೇ ಇದ್ದವು. ಈಗಿನ ವ್ಯತ್ಯಾಸ ಫೋಮ್ ಕಳೆದುಕೊಂಡ ಜೀವ. ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಸಹಜ. ಮೂರನೇ ಒಂದು ಪಾಲು ಇಳಿದಿದ್ದರೆ ಬದಲಾಯಿಸಿ.

ಹೊಸ ಹಾಳೆ ಹೀಗೆ ಇಳಿಯುತ್ತದೋ ಇಲ್ಲವೋ ಎಂದು ಹೊಲಿಯುವ ಮೊದಲೇ ತಿಳಿಯಬಹುದು. ಒಂದು ತುಂಡನ್ನು ಎರಡು ಹಲಗೆಗಳ ನಡುವೆ ಇಟ್ಟು, ದಪ್ಪ ಅರ್ಧಕ್ಕೆ ಇಳಿಯುವವರೆಗೆ ಬಡಗಿಗಳ ಕ್ಲಾಂಪಿನಿಂದ ಬಿಗಿಯಿರಿ. ಇಂದು ಸಂಜೆ ಬಿಗಿದರೆ ನಾಳೆ ಸಂಜೆಯ ಹೊತ್ತಿಗೆ ಬಿಚ್ಚಿ. ಫೋಮ್ ತಯಾರಕರ ಪರೀಕ್ಷೆಯಲ್ಲೂ 22 ಗಂಟೆ ಒತ್ತಿ, ಅರ್ಧ ಗಂಟೆ ಬಿಟ್ಟು ಅಳೆಯುವ ಪದ್ಧತಿಯಿದೆ. ಇಪಿಇ ತುಂಡು ಚಪ್ಪಟೆಯಾಗಿಯೇ ಉಳಿಯಿತು. ನನ್ನ ಹತ್ತಿರವಿದ್ದ ಕಪ್ಪು ಇವಿಎ 10 ಮಿ.ಮೀ. ಇದ್ದದ್ದು ಅರ್ಧ ಗಂಟೆಗೆ 8 ಆಗಿ, ಮಾರನೆಯ ಬೆಳಿಗ್ಗೆ 9ಕ್ಕೆ ಬಂತು. ಇವಿಎ ಸ್ವಭಾವವೇ ಹಾಗೆ, ಒತ್ತಿದಾಗ ಒಳಗಿನ ಗಾಳಿ ಬಲು ನಿಧಾನವಾಗಿ ಸೋರುತ್ತದೆ, ಬಿಟ್ಟಾಗ ನಿಧಾನವಾಗಿ ತುಂಬಿಕೊಳ್ಳುತ್ತದೆ. ಚಾರಣದಲ್ಲಿ ದಿನವಿಡೀ ಹೊತ್ತ ಪಟ್ಟಿ ರಾತ್ರಿ ವಿಶ್ರಾಂತಿ ಪಡೆದರೆ ಬೆಳಿಗ್ಗೆ ಚೇತರಿಸಿಕೊಂಡಿರುತ್ತದೆ.

ಬಿಸಿ ಇದರ ಶತ್ರು. ರಬ್ಬರ್ ಚಪ್ಪಲಿ ಎಂದು ನಾವು ಕರೆಯುವ ಇವಿಎ ಚಪ್ಪಲಿಯನ್ನು ಬಿಸಿಲಿನ ತಾರಸಿಯ ಮೇಲೆ ಬಿಟ್ಟರೆ ಮುದುಡಿ ಒಂದು ಸೈಜು ಸಣ್ಣದಾಗುವುದನ್ನು ನೋಡಿರುತ್ತೀರಿ. ಕಾರಿನ ಹಿಂದಿನ ಗಾಜಿನ ಕೆಳಗೆ ಬಿಟ್ಟ ಬ್ಯಾಗಿನ ಪಟ್ಟಿಗೂ ಅದೇ ಆಗುತ್ತದೆ. ಬಟ್ಟೆ ಸಡಿಲವಾಗಿ, ಒಳಗಿನ ಫೋಮ್ ಗಿಡ್ಡವಾಗಿ ಅತ್ತಿತ್ತ ಜಾರುತ್ತಿದ್ದರೆ ಇದನ್ನೇ ಅನುಮಾನಿಸಿ. ಪಟ್ಟಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುವುದಂತೂ ಬೇಡವೇ ಬೇಡ.

ಮಳೆಗಾಲದ ದೋಷಗಳು

ನಮ್ಮಲ್ಲಿ ಜೂನ್ ಶುರುವಾದರೆ ಬಟ್ಟೆ ಒಣಗಿಸಲು ಬಚ್ಚಲು ಒಲೆಯ ಹತ್ತಿರವೇ ಜಾಗ ಹುಡುಕಬೇಕು. ಮಗಳು ಕಾಲೇಜಿಗೆ ಹೊರುವ ಬ್ಯಾಗಿನ ಸೋಫಾ ಫೋಮಿನ ಪಟ್ಟಿ ಒಂದೇ ಮಳೆಗೆ ನೆನೆದಾಗ ತೂಗಿ ನೋಡಿದೆ. ಎರಡು ಪಟ್ಟಿ ಸೇರಿ 380 ಗ್ರಾಂ ಹೆಚ್ಚಾಗಿತ್ತು. ಅದಕ್ಕಿಂತ ಕೆಟ್ಟದ್ದು ಅದು ಒಣಗದೇ ಇರುವುದು. ಹೊರಗಿನ ಬಟ್ಟೆ ಮುಟ್ಟಿದರೆ ಒಣ, ಹಿಸುಕಿದರೆ ನೀರು. ನಾಲ್ಕನೇ ದಿನಕ್ಕೆ ಬೂಷ್ಟಿನ ವಾಸನೆ. ಆ ಹೊತ್ತಿಗೆ ಸೋಪು, ವಿನೆಗರ್ ಏನು ಹಾಕಿದರೂ ವಾಸನೆ ಎರಡು ವಾರಕ್ಕೆ ತಿರುಗಿ ಬರುತ್ತದೆ, ಬೂಷ್ಟು ಫೋಮಿನ ಒಳಕ್ಕೆ ಇಳಿದಿರುತ್ತದೆ. ಫೋಮ್ ಎಸೆದು, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಮುಚ್ಚಿದ ಕಣದ ಹಾಳೆ ಹಾಕಿ. ರೀಬಾಂಡೆಡ್ಡನ್ನು ನಾನು ಬಿಟ್ಟದ್ದು ಇದಕ್ಕೇ: ಅದೂ ನೀರು ಕುಡಿಯುತ್ತದೆ, ದಟ್ಟವಾಗಿರುವುದರಿಂದ ಒಣಗುವುದು ಇನ್ನೂ ನಿಧಾನ. ಹತ್ತಿ, ಬೂರುಗದ ಹತ್ತಿ, ಕಂಬಳಿ ತುಂಡು ಹಾಕಿದವರೂ ಇದ್ದಾರೆ. ಬೇಸಿಗೆಯಲ್ಲಿ ಕಂಬಳಿ ಚೆನ್ನಾಗಿಯೇ ತೂಕ ಹಂಚುತ್ತದೆ. ಹತ್ತಿ ವಾರದಲ್ಲಿ ಗಂಟು ಕಟ್ಟುತ್ತದೆ.

ಪಟ್ಟಿ ಹಿಸುಕಿದಾಗ ಮರಳಿನಂಥ ಪುಡಿ ಹೊಲಿಗೆಯಿಂದ ಉದುರಿದರೆ, ಅಥವಾ ಒಳಗೆ ಅಂಟಂಟಾಗಿದ್ದರೆ ಅದು ಮುದಿಯಾದ ಪಾಲಿಯುರೆಥೇನ್. ಗಾಳಿಯ ತೇವವೇ ವರ್ಷಗಟ್ಟಲೆ ಅದರ ಅಣುಸರಪಳಿಯನ್ನು ಕಡಿದು ಹಾಕುತ್ತದೆ. ಪಾಲಿಯೆಸ್ಟರ್ ಜಾತಿಯ ಫೋಮಿಗೆ ಇದು ಬೇಗ ಬರುತ್ತದೆ. ಹಳೆಯ ಹೆಡ್‌ಫೋನಿನ ಕಿವಿಗವುಸು, ಹಳೆಯ ಕ್ಯಾಮೆರಾ ಬ್ಯಾಗಿನ ಒಳಗವುಸು ಪುಡಿಯಾಗುವುದೂ ಇದರಿಂದಲೇ. ಬಳಸದೆ ಅಟ್ಟದಲ್ಲಿ ಇಟ್ಟರೂ ಆಗುತ್ತದೆ. ಹಳೆ ಸೋಫಾದಿಂದ ಕಿತ್ತ ಫೋಮನ್ನು ಹೊಸ ಬ್ಯಾಗಿಗೆ ಹಾಕಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪಟ್ಟಿ ಸುರುಳಿಯಾಗುತ್ತಿದ್ದರೆ

ನವಾರನ್ನು ಪಟ್ಟಿಯ ನಟ್ಟನಡುವೆ ಹೊಲಿದಿರುತ್ತೀರಿ. ಭಾರ ಬಿದ್ದಾಗ ನಡು ಕೆಳಗಿಳಿದು, ಎರಡೂ ಅಂಚು ಮೇಲೆದ್ದು ಪಟ್ಟಿ ಬಾಳೆದೊನ್ನೆಯ ಹಾಗೆ ಮಡಿಚಿಕೊಳ್ಳುತ್ತದೆ. ಅಗಲ 7 ಸೆಂ.ಮೀ. ಇದ್ದರೂ ಹೆಗಲಿಗೆ ತಾಗುವುದು ಮೂರೇ. ಇಲ್ಲಿ ಇನ್ನಷ್ಟು ಮೆತ್ತನೆಯ ಫೋಮ್ ತುಂಬಿದರೆ ದೋಷ ಹೆಚ್ಚುತ್ತದೆ.

ಇದಕ್ಕೆ ನನಗೆ ದಾರಿ ಸಿಕ್ಕಿದ್ದು ಚಪ್ಪಲಿಯಿಂದ. ಮಧುಮೇಹದಿಂದಲೋ ಕುಷ್ಠದಿಂದಲೋ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಕೊಡುವ ಎಂಸಿಆರ್ ಚಪ್ಪಲಿ ನೋಡಿದ್ದೀರಲ್ಲ? ಅತ್ತೆಯವರಿಗೆ ತಂದಿದ್ದನ್ನು ಕೈಯಲ್ಲಿ ಹಿಡಿದು ನೋಡಿದೆ. ಪಾದಕ್ಕೆ ತಾಗುವ ಕಡೆ ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರು, ಅದರ ಕೆಳಗೆ ಸುಲಭಕ್ಕೆ ಬಾಗದ ಗಟ್ಟಿ ತಳ. ಗಟ್ಟಿ ಪದರ ಕಲ್ಲಿನ ಮೊನೆಯನ್ನು ಅಗಲಕ್ಕೆ ಹಂಚುತ್ತದೆ, ಮೆತ್ತನೆಯದು ಪಾದದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಹೆಗಲಪಟ್ಟಿಗೂ ಇದೇ ಬೇಕಿತ್ತು. ಅಂದಿನಿಂದ ನಾನು ಎರಡು ಪದರ ಹಾಕುತ್ತೇನೆ: ನವಾರಿನ ಕಡೆಗೆ 5–6 ಮಿ.ಮೀ. ಗಟ್ಟಿ ಇವಿಎ, ಮೈಯ ಕಡೆಗೆ 4–5 ಮಿ.ಮೀ. ಮೆತ್ತನೆಯ ಇವಿಎ, ಅದರ ಮೇಲೆ ಏರ್ ಮೆಶ್ ಎಂಬ ಜಾಲರಿ ಬಟ್ಟೆ. ಪಜಲ್ ಮ್ಯಾಟು ಒಂಟಿಯಾಗಿ ಅತಿ ಗಟ್ಟಿ ಎಂದೆನಲ್ಲ, ಹೊರಪದರಕ್ಕೆ ತೆಳ್ಳಗಿನದು ಸಿಕ್ಕರೆ ಅದು ಹೇಳಿ ಮಾಡಿಸಿದ ಹಾಗೆ. ಎಂಸಿಆರ್ ಹಾಳೆಯನ್ನೇ ಒಳಪದರಕ್ಕೆ ಹಾಕಿಯೂ ನೋಡಿದೆ. ಹಿತವಾಗಿದೆ, ಆದರೆ ಭಾರ.

ನವಾರನ್ನು 38 ಮಿ.ಮೀ.ಗೆ ಏರಿಸಿದರೂ ಸುರುಳಿ ಬಹಳ ಕಡಿಮೆಯಾಗುತ್ತದೆ. ನವಾರಿನ ಎರಡೂ ಅಂಚಿನಲ್ಲಿ ಉದ್ದಕ್ಕೂ ಹೊಲಿಗೆ ಹಾಕಿ, ನಡುವೆ ಒಂದೇ ಸಾಲು ಬೇಡ.

ಇನ್ನೊಂದು ವಿಷಯ. ಪಟ್ಟಿಯ ಒಳಬದಿ ಹೆಗಲ ಮೇಲೆ ಸುಕ್ಕುಗಟ್ಟಿ, ಆ ಸುಕ್ಕೇ ಒತ್ತುತ್ತಿದೆಯೇ? ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೊಲಿದಿದ್ದೀರಿ. ಹೆಗಲನ್ನು ಸುತ್ತಿ ಅರ್ಧ ವೃತ್ತ ಬಾಗಿದಾಗ ಹೊರಬದಿಗಿಂತ ಒಳಬದಿ ಗಿಡ್ಡವಾಗಬೇಕು. ಎಷ್ಟು ಎಂದರೆ ದಪ್ಪವನ್ನು 3.14ರಿಂದ ಗುಣಿಸಿದಷ್ಟು. 12 ಮಿ.ಮೀ. ಪಟ್ಟಿಗೆ ಸುಮಾರು 38 ಮಿ.ಮೀ. ಆ ಹೆಚ್ಚುವರಿ ಬಟ್ಟೆಯೇ ಸುಕ್ಕು. ಎರಡು ಪದರವನ್ನು ಒಂದಕ್ಕೊಂದು ಅಂಟಿಸದೆ ಬಿಟ್ಟರೆ ಅವು ಒಂದರ ಮೇಲೊಂದು ಜಾರಿ ಬಾಗುತ್ತವೆ. ರಬ್ಬರ್ ಗಮ್ಮು ಹಾಕಿ ಅಂಟಿಸಲೇಬೇಕೆಂದಿದ್ದರೆ ದೊಡ್ಡ ಚೊಂಬಿನ ಮೇಲೆ ಬಾಗಿಸಿಟ್ಟು ಅಂಟಿಸಿ. ಒಳಬದಿಯ ಬಟ್ಟೆಯನ್ನೂ ಹಾಗೆ ಬಾಗಿಸಿಯೇ ಗುಂಡುಸೂಜಿ ಚುಚ್ಚಿ, ಆಮೇಲೆ ಯಂತ್ರಕ್ಕೆ ಕೊಡಿ.

ಹೊಲಿಗೆ ಕಿತ್ತರೆ, ಕೈ ಜೋಮು ಹಿಡಿದರೆ

ಫೋಮ್ ಎಳೆತ ತಡೆಯುವ ವಸ್ತುವಲ್ಲ. ಬ್ಯಾಗಿನ ಮೇಲ್ತುದಿಯಿಂದ ಕೆಳಗಿನ ಬಕಲಿನವರೆಗೆ ಭಾರ ನವಾರಿನಲ್ಲೋ ಗಟ್ಟಿ ಬಟ್ಟೆಯಲ್ಲೋ ಹರಿಯಬೇಕು. ನವಾರು ಪಟ್ಟಿಯ ಅರ್ಧಕ್ಕೇ ನಿಂತಿದ್ದರೆ ಅಲ್ಲಿಂದ ಕೆಳಗೆ ಫೋಮ್ ಹಿಗ್ಗುತ್ತದೆ, ಸೂಜಿಯ ತೂತುಗಳು ಸೀಳಿ ಒಂದಾಗುತ್ತವೆ. ಪಟ್ಟಿ ದಿನೇ ದಿನೇ ಉದ್ದವಾದ ಹಾಗೆ ಕಂಡರೆ ಇದೇ ಕಾರಣ. ಫೋಮ್ ತುಂಡನ್ನು ಹೊಲಿಗೆಯ ಗೆರೆಗಿಂತ 3–4 ಮಿ.ಮೀ. ಒಳಕ್ಕೆ ಕತ್ತರಿಸಿ, ಅಂಚಿನ ಹೊಲಿಗೆ ಬಟ್ಟೆ–ಬಟ್ಟೆಯನ್ನೇ ಹಿಡಿಯಲಿ. ಆದರೆ ಅದಕ್ಕಿಂತ ಸಣ್ಣದು ಮಾಡಿದರೆ ಫೋಮ್ ಒಳಗೇ ತಿರುಗಿ ಮಡಿಚಿಕೊಳ್ಳುತ್ತದೆ. 18 ನಂಬರ್ ಸೂಜಿ, ನೈಲಾನ್ ದಾರ, ಸ್ವಲ್ಪ ಉದ್ದನೆಯ ಟಾಕಾ.

ಬೆರಳು ಜೋಮು ಹಿಡಿಯುವುದನ್ನು ಫೋಮಿನ ತಲೆಗೆ ಕಟ್ಟುವವರು ಬಹಳ. ಎಷ್ಟೋ ಸಲ ದೋಷ ಜಾಗದ್ದು. ಎರಡು ಪಟ್ಟಿಗಳನ್ನು ಬೆನ್ನಿನ ಮೇಲೆ ತೀರಾ ದೂರದೂರ ಹೊಲಿದರೆ ಅವು ಹೆಗಲ ತುದಿಗೆ ಜಾರಿ, ಕಂಕುಳಿನ ಹತ್ತಿರ ಕೈಗೆ ಹೋಗುವ ನರಗಳನ್ನು ಒತ್ತುತ್ತವೆ. ಭಾರದ ಬ್ಯಾಗು ಹೊತ್ತ ಸೈನಿಕರಲ್ಲಿ ಕೈಯ ಬಲವೇ ಕುಂದಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ವಯಸ್ಕರ ಬ್ಯಾಗಿನಲ್ಲಿ ಎರಡು ಪಟ್ಟಿಗಳ ಒಳ ಅಂಚಿನ ನಡುವೆ ನಾನು 5ರಿಂದ 7 ಸೆಂ.ಮೀ. ಬಿಡುತ್ತೇನೆ, ಎದೆಯ ಮೇಲೆ ಅಡ್ಡ ಪಟ್ಟಿ ಕೊಡುತ್ತೇನೆ, ಕಂಕುಳ ಕೆಳಗೆ ಫೋಮನ್ನು 4 ಸೆಂ.ಮೀ. ಅಗಲಕ್ಕೆ ಇಳಿಸುತ್ತೇನೆ. ಬ್ಯಾಗು ಇಳಿಸಿದ ಮೇಲೂ ಜೋಮು ಹೋಗದಿದ್ದರೆ, ಕೈ ಎತ್ತಲು ಕಷ್ಟವಾದರೆ ಹೊಲಿಗೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

12 ಕೆಜಿಯ ಆಚೆ ಯಾವ ಫೋಮೂ ಹೆಗಲನ್ನು ಪೂರ್ತಿ ಕಾಯುವುದಿಲ್ಲ. ಸೊಂಟದ ಬೆಲ್ಟು ಹೊಲಿದು ಭಾರವನ್ನು ಕೆಳಗಿಳಿಸಬೇಕು. ಅದಕ್ಕೂ ಇದೇ ಎರಡು ಪದರ, ಹೊರಗಿನದು ಇನ್ನೂ ಗಟ್ಟಿ.

ತಮ್ಮನ ಬ್ಯಾಗಿಗೆ ಈಗಿರುವುದು 6 ಮತ್ತು 4 ಮಿ.ಮೀ.ಯ ಎರಡು ಪದರ. ಮೊದಲಿನ ಎರಡಿಂಚಿನ ಐದನೇ ಒಂದು ಪಾಲು ದಪ್ಪ. ಮೂರು ಚಾರಣ ಆಗಿದೆ. ಕಳೆದ ತಿಂಗಳು ಕೆಳತುದಿ ಬಿಚ್ಚಿ ಅಳೆದೆ: ಹೆಗಲ ಮೇಲೆ ಒಟ್ಟು 9 ಮಿ.ಮೀ., ಕೆಳಗೆ 10. ಹಾಗೇ ಹೊಲಿದು ಕೊಟ್ಟೆ.